ಪಕ್ಕದ ಮನೆಯ ಜಪಾನಿ ಅಜ್ಜಿ ಕೊಡ್ತೀನಿ ಅಂದ ಬಿದಿರಿನ ಪಟ್ಟಿ: ತಗೊಳ್ಳಲಾ, ಬೇಡ್ವಾ?

ಬೇವಿನಕಟ್ಟೆ (ಚರ್ಚೆ ಶುರು ಮಾಡಿದವರು) · ಶನಿವಾರ

ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ನಾವು ಇರೋದು ಸಿಯಾಟಲ್ ಪಕ್ಕದ ಬೆಲ್‌ವ್ಯೂನಲ್ಲಿ. ಬಂದು 9 ವರ್ಷ ಆಯಿತು. ಎಡಗಡೆ ಮನೆಯಲ್ಲಿ ಒಬ್ಬ ಅಜ್ಜಿ ಒಬ್ಬರೇ ಇದ್ದಾರೆ. 1936ರಲ್ಲಿ ಇಲ್ಲೇ ಹುಟ್ಟಿದವರು, ಅಪ್ಪ ಅಮ್ಮ ಜಪಾನಿನಿಂದ ಬಂದವರು. ನಮ್ಮ ಪರಿಚಯ ಶುರುವಾಗಿದ್ದು ಕರಿಬೇವಿನ ಕುಂಡದಿಂದ. ಚಳಿಗಾಲದಲ್ಲಿ ಅದನ್ನು ಒಳಗೆ ಇಡೋದು ಮರೆತಿದ್ದೆ. ಬೆಳಗ್ಗೆ ನೋಡಿದರೆ ಯಾರೋ ಅದಕ್ಕೆ ಹಳೇ ಹೊದಿಕೆ ಸುತ್ತಿ ದಾರ ಕಟ್ಟಿದ್ದಾರೆ! ಆಮೇಲೆ ಚಟ್ನಿಪುಡಿ ಆ ಕಡೆ, ಮೂಲಂಗಿ ಉಪ್ಪಿನಕಾಯಿ ಈ ಕಡೆ, ಹೀಗೆ ನಡೀತಾ ಇದೆ.

ಈಗ ಅವರು ದೊಡ್ಡ ಮನೆ ಬಿಟ್ಟು ಚಿಕ್ಕ ಅಪಾರ್ಟ್‌ಮೆಂಟಿಗೆ ಹೋಗುತ್ತಿದ್ದಾರೆ. ಕಳೆದ ವಾರ ಅಟ್ಟದಿಂದ ಒಂದು ಪೆಟ್ಟಿಗೆ ಇಳಿಸಿಕೊಡು ಅಂತ ಕರೆದರು. ಮರದ್ದಲ್ಲ, ತಗಡಿನದ್ದೂ ಅಲ್ಲ. ವಿಲೋ ಕಡ್ಡಿಯಲ್ಲಿ ಹೆಣೆದ ಬುಟ್ಟಿ ಥರದ ಪೆಟ್ಟಿಗೆ. ಮುಚ್ಚಳವೂ ಕೆಳಗಿನ ಭಾಗದಷ್ಟೇ ಆಳ. ಸಾಮಾನು ಕಮ್ಮಿ ಇದ್ದರೆ ಮುಚ್ಚಳ ಪೂರ್ತಿ ಕೆಳಗೆ ಕೂರುತ್ತದೆ, ಜಾಸ್ತಿ ಇದ್ದರೆ ಮೇಲೆ ನಿಲ್ಲುತ್ತದೆ, ಹಗ್ಗ ಬಿಗಿದರೆ ಮುಗೀತು. ಇದಕ್ಕೆ ಯಾನಾಗಿ ಗೋರಿ ಅಂತಾರಂತೆ. ಅವರ ಅಮ್ಮ 1918ರಲ್ಲಿ ಹಡಗು ಹತ್ತಿದಾಗ ತಂದಿದ್ದು. ಗಂಡನನ್ನು ಅಲ್ಲಿಯವರೆಗೆ ಫೋಟೋದಲ್ಲಿ ಮಾತ್ರ ನೋಡಿದ್ದರು. ಆಗ ಅದೇ ರೂಢಿ. ಇಲ್ಲಿ ಕೂಲಿ ಮಾಡುವ ಗಂಡಸು ಊರಿಗೆ ಫೋಟೋ ಕಳಿಸುತ್ತಿದ್ದ, ಅಲ್ಲೇ ಮದುವೆ ದಾಖಲಾಗುತ್ತಿತ್ತು, ಹೆಂಡತಿ ಹಡಗಿನಲ್ಲಿ ಬರುತ್ತಿದ್ದಳು. ಇಳಿದ ಮೇಲೆ ನೋಡಿದರೆ ಫೋಟೋ ಹತ್ತು ವರ್ಷ ಹಳೇದು! ಈ ಅಜ್ಜಿಯ ಅಪ್ಪನ ಫೋಟೋ ಕೂಡ ಹಾಗೇ ಇತ್ತಂತೆ. "ಅಮ್ಮ ಅದನ್ನು ಸಾಯೋವರೆಗೂ ಹೇಳ್ತಾ ಇದ್ದಳು" ಅಂತ ನಕ್ಕರು.

ಪೆಟ್ಟಿಗೆಯಲ್ಲಿ ಒಂದು ಕಡುನೀಲಿ ಕಿಮೋನೊ, ಇಕ್ಕಳದ ಆಕಾರದ ದಾರ ಕತ್ತರಿಸುವ ಕತ್ತರಿ, ಒಂದಷ್ಟು ಪತ್ರ. ಎಲ್ಲದರ ಮೇಲೆ ಒಂದು ಬಿದಿರಿನ ಪಟ್ಟಿ. ನಮ್ಮ ಸ್ಕೂಲ್ ಸ್ಕೇಲಿಗಿಂತ ಸ್ವಲ್ಪ ಉದ್ದ. ಕೈ ಆಡಿ ಆಡಿ ಅಂಚು ಜೇನುತುಪ್ಪದ ಬಣ್ಣಕ್ಕೆ ತಿರುಗಿದೆ. ಹತ್ತು ಭಾಗ, ನಡುವೆ ಒಂದು ಚುಕ್ಕೆ. ಅಂಕಿ ಒಂದೂ ಇಲ್ಲ. ಬಟ್ಟೆ ಅಳೆಯುವ ಪಟ್ಟಿ ಅಂತೆ.

ಎರಡನೇ ಮಹಾಯುದ್ಧದಲ್ಲಿ ಜಪಾನ್ ಅಮೆರಿಕದ ಮೇಲೆ ದಾಳಿ ಮಾಡಿದ ಮೇಲೆ, 1942ರಲ್ಲಿ ಜಪಾನಿ ಮೂಲದವರನ್ನೆಲ್ಲ ಇಲ್ಲಿಂದ ಎತ್ತಂಗಡಿ ಮಾಡಿದ್ದು ನಿಮಗೆ ಗೊತ್ತಿರಬಹುದು. ಕೈಯಲ್ಲಿ ಹಿಡಿಯುವಷ್ಟು ಮಾತ್ರ ತಗೊಂಡು ಬನ್ನಿ ಅಂತ ಆದೇಶ. ಹಾಸಿಗೆ ಬಟ್ಟೆ, ತಟ್ಟೆ ಲೋಟ, ಉಡುಪು, ಸೋಪು ಅಷ್ಟೇ. ಪೆಟ್ಟಿಗೆ ಪಕ್ಕದ ಬಿಳಿ ರೈತನ ಕೊಟ್ಟಿಗೆಗೆ ಹೋಯಿತು. ಈ ಪಟ್ಟಿಯನ್ನು ಮಾತ್ರ ಅವರಮ್ಮ ಹೊದಿಕೆ ಸುರುಳಿಯೊಳಗೆ ಸಿಕ್ಕಿಸಿಕೊಂಡರಂತೆ. ಕಿರ್ಕ್‌ಲೆಂಡಿನಿಂದ ರೈಲು. ಕಿಟಕಿ ಪರದೆ ಇಳಿಸಿದ್ದರು. ಮೊದಲು ಕ್ಯಾಲಿಫೋರ್ನಿಯಾದ ಪೈನ್‌ಡೇಲ್, ಆಮೇಲೆ ಟೂಲಿ ಲೇಕ್ ಶಿಬಿರ. ಟಾರು ಕಾಗದ ಹೊದಿಸಿದ ಬ್ಯಾರಕ್ಕು, ಐದು ಜನಕ್ಕೆ ಒಂದು ಕೋಣೆ. ಒಳಗೆ ಕಾಲಿಟ್ಟ ಕೂಡಲೇ ಅಮ್ಮ ಹೊದಿಕೆ ಬಿಚ್ಚಿ, ಪಟ್ಟಿ ತೆಗೆದು, ಮಂಡಿಯೂರಿ ನೆಲ ಅಳೆಯೋಕೆ ಶುರು ಮಾಡಿದರಂತೆ. ಉದ್ದ ಹದಿನಾರು ಪಟ್ಟಿ, ಅಗಲ ಹದಿನಾರು ಪಟ್ಟಿ. ಅಜ್ಜಿಗೆ ಆಗ ಆರು ವರ್ಷ. "ಅಮ್ಮ ಅಳಲಿಲ್ಲ. ಪರದೆಗೆ ಎಷ್ಟು ಬಟ್ಟೆ ಬೇಕು ಅಂತ ಲೆಕ್ಕ ಹಾಕ್ತಿದ್ದಳು" ಅಂದರು.

ಈಗ ವಿಷಯ ಇಷ್ಟೇ. ಆ ಪಟ್ಟಿಯನ್ನು ನೀನು ಇಟ್ಕೋ ಅಂತಿದ್ದಾರೆ. ನನ್ನ ಮಗಳಿಗೆ 11, ಹೊಲಿಗೆ ಹುಚ್ಚು, ಅದಕ್ಕೆ. ಅವರ ಮಕ್ಕಳು ಬೇರೆ ರಾಜ್ಯಗಳಲ್ಲಿದ್ದಾರೆ, ಯಾರಿಗೂ ಆಸಕ್ತಿ ಇಲ್ಲವಂತೆ. ನಾನು ಏನೋ ತೊದಲಿ ಬಂದುಬಿಟ್ಟೆ. ತಗೊಂಡರೆ ಬೇರೆಯವರ ಆಸ್ತಿ ಕಿತ್ತುಕೊಂಡ ಹಾಗೆ ಅನಿಸುತ್ತದೆ. ಬೇಡ ಅಂದರೆ ಅವರಿಗೆ ನೋವಾಗುತ್ತದೇನೋ. ನೀವೇನಂತೀರಿ?

ಟೈಲರ್ಮಗ · ಶನಿವಾರ

ದಾವಣಗೆರೆಯಿಂದ. ಮೊದಲು ಒಂದು ಕೆಲಸ ಮಾಡಿ. ಆ ಪಟ್ಟಿಯನ್ನು ಸೆಂಟಿಮೀಟರ್ ಟೇಪಿನಲ್ಲಿ ಅಳೆಯಿರಿ. 37.9 ಹತ್ತಿರ ಬಂದರೆ ಅದು ಕುಜಿರಾ ಜಾಕು, ಬಟ್ಟೆಯವರದ್ದು. 30.3 ಬಂದರೆ ಬಡಗಿಗಳದ್ದು. ಜಪಾನಿನಲ್ಲಿ ಮರಕ್ಕೊಂದು ಅಡಿ, ಬಟ್ಟೆಗೊಂದು ಅಡಿ. ಎರಡೂ 'ಶಾಕು' (ಕುಜಿರಾ ಜೊತೆ ಸೇರಿದರೆ 'ಜಾಕು'), ಆದರೆ ಬಟ್ಟೆ ಶಾಕು ಕಾಲುಪಾಲು ಜಾಸ್ತಿ ಉದ್ದ. ಕುಜಿರಾ ಅಂದರೆ ತಿಮಿಂಗಿಲ. ಹಿಂದೆ ತಿಮಿಂಗಿಲದ ಬಾಯಿಯೊಳಗಿನ ಪಟ್ಟಿಯಲ್ಲಿ ಮಾಡುತ್ತಿದ್ದರಂತೆ, ಹೆಸರು ಉಳೀತು.

ಬಟ್ಟೆಯವರ ಅಳತೆ ಬೇರೆ ಇರೋದು ನಮ್ಮಲ್ಲೂ ಇತ್ತಲ್ಲ. ನಮ್ಮಪ್ಪನ ಅಂಗಡಿಯಲ್ಲಿ ಕಬ್ಬಿಣದ ಗಜಕಡ್ಡಿ ಇತ್ತು, 16 ಗಿರೆ. ಒಂದು ಗಿರೆ ಅಂದರೆ ಎರಡೂಕಾಲು ಇಂಚು. ಮೀಟರ್ ಬಂದು ಎಷ್ಟೋ ವರ್ಷ ಆದ ಮೇಲೂ ಅಪ್ಪ ಕುಪ್ಪಸಕ್ಕೆ ಗಿರೆ ಲೆಕ್ಕವನ್ನೇ ಹೇಳುತ್ತಿದ್ದರು. ಕೈಗೆ ಒಂದು ಅಳತೆ ಕೂತುಬಿಟ್ಟರೆ ತಲೆ ಬದಲಾದರೂ ಕೈ ಬದಲಾಗಲ್ಲ.

ಕಿಮೋನೊ ಬಗ್ಗೆ ಒಂದು ಮಾತು. ಅದರಲ್ಲಿ ನಮ್ಮ ರವಿಕೆ ಥರ ಕತ್ತು, ಕಂಕುಳು ಅಂತ ದುಂಡಗೆ ಕತ್ತರಿಸೋದಿಲ್ಲ. ಕಿರಿದಾದ ಉದ್ದನೆ ಥಾನು, ಹೆಚ್ಚುಕಮ್ಮಿ ಒಂದು ಕುಜಿರಾ ಶಾಕು ಅಗಲ. ಅದನ್ನು ನೇರ ಪಟ್ಟಿಗಳಾಗಿ ಕತ್ತರಿಸಿ ಸರಳ ಹೊಲಿಗೆ ಹಾಕ್ತಾರೆ. ಕೊಳೆಯಾದರೆ ಹೊಲಿಗೆ ಬಿಚ್ಚಿ, ಪಟ್ಟಿಗಳನ್ನು ಮತ್ತೆ ಥಾನಿನ ಹಾಗೆ ಜೋಡಿಸಿ ಒಗೆದು, ಎಳೆದು ಒಣಗಿಸಿ, ಪುನಃ ಹೊಲೀತಾರೆ. ಹೊಲಿಯೋದು ಗೊತ್ತಿರುವ ಹೆಂಗಸಿಗೆ ಪಟ್ಟಿ ಅಂದರೆ ಅಡುಗೆಯವಳಿಗೆ ಸೌಟು ಇದ್ದ ಹಾಗೆ. ಅವರಮ್ಮ ಕಿಮೋನೊ ಬಿಟ್ಟು ಪಟ್ಟಿ ತಗೊಂಡು ಹೋದರಲ್ಲ, ಅದು ನನಗೆ ಚೆನ್ನಾಗಿ ಅರ್ಥ ಆಗುತ್ತದೆ.

ಬೇವಿನಕಟ್ಟೆ · ಶನಿವಾರ

ಈಗಷ್ಟೇ ಬೇಲಿ ಹತ್ತಿರ ನಿಂತು ಅಳೆದೆ. 37.8 ಅಥವಾ 37.9. ಒಂದು ತುದಿ ಸವೆದಿದೆ. ಅಜ್ಜಿಗೆ ನಿಮ್ಮ ಅಪ್ಪನ ಗಜಕಡ್ಡಿ ವಿಷಯ ಹೇಳಿದೆ. "ಅದು ಈಗ ಎಲ್ಲಿದೆ?" ಅಂತ ಕೇಳಿದರು.

ಟೈಲರ್ಮಗ · ಶನಿವಾರ

ಗುಜರಿಗೆ ಹೋಯಿತು. ನಾನೇ ಹಾಕಿದ್ದು.

ಜಗಲಿ_ಮೇಲೆ · ಶನಿವಾರ

ನನ್ನ ಓಟು ಮ್ಯೂಸಿಯಂಗೆ. ಇದು ಒಬ್ಬರ ಮನೆ ಸಾಮಾನಲ್ಲ, ಒಂದು ಸಮುದಾಯದ ದಾಖಲೆ. ನಿಮ್ಮ ಸಿಯಾಟಲ್‌ನಲ್ಲೇ ವಿಂಗ್ ಲ್ಯೂಕ್ ಮ್ಯೂಸಿಯಂ ಇದೆ, ಏಷ್ಯಾ ಮೂಲದ ಅಮೆರಿಕನ್ನರ ಇತಿಹಾಸದ್ದು. 1996ರಿಂದ ಡೆನ್ಶೋ ಅನ್ನೋ ಸಂಸ್ಥೆ ಇದೆ, ಇದೇ ಶಿಬಿರಗಳ ಜನರ ನೆನಪು, ಫೋಟೋ, ಪತ್ರಗಳನ್ನು ಡಿಜಿಟಲ್ ಮಾಡಿ ಇಡುತ್ತಾರೆ. ಡೆನ್ಶೋ ಅಂದರೆ ಮುಂದಿನವರಿಗೆ ದಾಟಿಸೋದು. ಮಗಳಿಗೆ ಹೊಲಿಗೆ ಆಸೆ ಅಂತ ಇಂಥ ವಸ್ತು ಮನೆಯಲ್ಲಿ ಇಟ್ಕೊಂಡು, ಮುಂದಿನ ಸಲ ಮನೆ ಬದಲಾಯಿಸುವಾಗ ಕಳೆದುಹಾಕಿದರೆ?

ಹಳೇಕಾಗದ · ಭಾನುವಾರ

ಈ ವಿಷಯ ಸ್ವಲ್ಪ ಓದಿಕೊಂಡಿದ್ದೇನೆ, ನಾನೂ ನಾಲ್ಕು ಮಾತು ಸೇರಿಸ್ತೀನಿ.

1942ರ ಫೆಬ್ರವರಿ 19ರಂದು ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ 9066ನೇ ಆದೇಶಕ್ಕೆ ಸಹಿ ಹಾಕಿದರು. ಪಶ್ಚಿಮ ಕರಾವಳಿಯಿಂದ ಸುಮಾರು 1,20,000 ಜನರನ್ನು ಹೊರಗೆ ಹಾಕಿದರು. ಮೂರರಲ್ಲಿ ಎರಡು ಪಾಲು ಅಲ್ಲೇ ಹುಟ್ಟಿದ ಅಮೆರಿಕದ ನಾಗರಿಕರು. ಹತ್ತು ಶಿಬಿರ: ಇಡಾಹೋದ ಮಿನಿಡೋಕಾ, ಕ್ಯಾಲಿಫೋರ್ನಿಯಾದ ಮಂಜನಾರ್ ಮತ್ತು ಟೂಲಿ ಲೇಕ್, ವಯೋಮಿಂಗಿನ ಹಾರ್ಟ್ ಮೌಂಟನ್, ಹೀಗೆ ಮರಳುಗಾಡು, ಜವುಗು, ಯಾರಿಗೂ ಬೇಡದ ಜಾಗಗಳು. ಪ್ರತಿ ಮನೆತನಕ್ಕೆ ಒಂದು ನಂಬರು. ತೊಟ್ಟ ಕೋಟಿಗೆ ಚೀಟಿ, ಸಾಮಾನಿಗೆ ಚೀಟಿ.

ಮೊದಲು ಹೋದವರು ನಿಮ್ಮ ಸಿಯಾಟಲ್ ಎದುರಿನ ಬೇನ್‌ಬ್ರಿಡ್ಜ್ ದ್ವೀಪದವರು. ಮಾರ್ಚ್ 24ಕ್ಕೆ ಆದೇಶ ಅಂಟಿಸಿದರು, 30ಕ್ಕೆ ದೋಣಿ ಹತ್ತಿಸಿದರು. ಆರು ದಿನ! 227 ಜನ. ಹೊಲದಲ್ಲಿ ಸ್ಟ್ರಾಬೆರಿ ಇನ್ನೂ ಹಣ್ಣಾಗಿರಲಿಲ್ಲ. ಅಲ್ಲಿ ಈಗ 276 ಅಡಿ ಉದ್ದದ ಮರದ ಗೋಡೆ ಇದೆ. ಹೊರಗೆ ಹಾಕಬೇಕಾಗಿದ್ದ ದ್ವೀಪದ ಒಬ್ಬೊಬ್ಬರಿಗೆ ಒಂದೊಂದು ಅಡಿ. ದೋಣಿಯಲ್ಲಿ ಅರ್ಧ ಗಂಟೆ ಚಿಲ್ಲರೆ ದಾರಿ, ಹೋಗಿ ಬನ್ನಿ.

ಇನ್ನೊಂದು ಜಾಗ, ಸಿಯಾಟಲ್ ಊರೊಳಗಿನ ಪನಾಮಾ ಹೋಟೆಲ್. 1910ರಲ್ಲಿ ಕಟ್ಟಿದ್ದು, ವಾಸ್ತುಶಿಲ್ಪಿ ಸಾಬ್ರೋ ಒಜಾಸಾ. ನೆಲಮಾಳಿಗೆಯಲ್ಲಿ ಜಪಾನಿ ಥರದ ಸಾರ್ವಜನಿಕ ಸ್ನಾನದ ಮನೆ. ಶಿಬಿರಕ್ಕೆ ಹೋಗುವ ಮುಂಚೆ ಎಷ್ಟೋ ಜನ ಅಲ್ಲಿ ಟ್ರಂಕು ಇಟ್ಟು ಹೋದರು. ಕೆಲವರು ವಾಪಸ್ ಬರಲೇ ಇಲ್ಲ. ಆ ಟ್ರಂಕುಗಳು ದಶಕಗಳ ಕಾಲ ಹಾಗೇ ಬಿದ್ದಿದ್ದವು. ಮೇಲಿನ ಚಹಾ ಅಂಗಡಿಯ ನೆಲಕ್ಕೆ ಒಂದು ಗಾಜು ಕೂರಿಸಿದ್ದಾರೆ. ಚಹಾ ಕುಡೀತಾ ಕಾಲಡಿ ನೋಡಿದರೆ ಅವೇ ಕಾಣುತ್ತವೆ. ನಾನು ಹೋದಾಗ ಪಕ್ಕದ ಟೇಬಲಿನ ಹುಡುಗ ಗಾಜಿನ ಮೇಲೆ ಬ್ಯಾಗ್ ಇಟ್ಟು ಲ್ಯಾಪ್‌ಟಾಪ್‌ನಲ್ಲಿ ಕೋಡ್ ಬರೀತಿದ್ದ. ಅವನದ್ದೇನೂ ತಪ್ಪಿಲ್ಲ ಬಿಡಿ.

ಪರ್ಲ್ ಹಾರ್ಬರ್ ನೌಕಾನೆಲೆ ಮೇಲೆ ಜಪಾನಿನ ದಾಳಿ ಆದ ಮೇಲೆ ಎಷ್ಟೋ ಮನೆಗಳಲ್ಲಿ ಒಲೆಗೆ ಹೋಗಿದ್ದು ಊರಿನ ಪತ್ರ, ಜಪಾನಿ ಪುಸ್ತಕ, ಚಕ್ರವರ್ತಿಯ ಫೋಟೋ, ಹೆಣ್ಣುಮಕ್ಕಳ ಹಬ್ಬದ ಗೊಂಬೆ ಕೂಡ. ಪೊಲೀಸರು ಬಂದರೆ ಇವೇ ಸಾಕ್ಷಿ ಅಂತ ಭಯ. ಹಾಗಾಗಿ ಆ ಪೆಟ್ಟಿಗೆಯಲ್ಲಿ ಪತ್ರಗಳು ಉಳಿದಿವೆ ಅಂದಿರಲ್ಲ, ನನಗೆ ಪಟ್ಟಿಗಿಂತ ಅದೇ ದೊಡ್ಡ ವಿಷಯ. ದಯವಿಟ್ಟು ಪತ್ರಗಳನ್ನು ಸ್ಕ್ಯಾನ್ ಮಾಡಿಸಿ.

ರಾಗಿರೊಟ್ಟಿ · ಭಾನುವಾರ

ಓದಿ ಬೇಜಾರಾಯಿತು. ಆದರೆ ನಮ್ಮ ಕಥೆಯೂ ಹೆಚ್ಚುಕಮ್ಮಿ ಹೀಗೇ ಅಲ್ವಾ? 12 ವರ್ಷದಿಂದ ಗ್ರೀನ್ ಕಾರ್ಡ್ ಸಾಲಿನಲ್ಲಿದ್ದೀನಿ. ಕೆಲಸ ಹೋದರೆ 60 ದಿನದಲ್ಲಿ ಜಾಗ ಖಾಲಿ. ನಾನೂ ಸೋಫಾ ಕೊಳ್ಳುವಾಗ ಬಿಟ್ಟು ಹೋಗಬೇಕಾದರೆ ಅಂತ ಯೋಚಿಸ್ತೀನಿ.

ಸಂಪಿಗೆಮರ · ಭಾನುವಾರ

ರಾಗಿರೊಟ್ಟಿಯವರೇ, ನಿಮ್ಮ ಕಷ್ಟ ಸಣ್ಣದು ಅಂತಲ್ಲ. ಆದರೆ ಹೋಲಿಕೆ ಬೇಡ. ನಮ್ಮನ್ನು ಮುಳ್ಳುತಂತಿ ಒಳಗೆ ಹಾಕಿ ಮೇಲೆ ಕಾವಲುಗೋಪುರ ಇಟ್ಟಿಲ್ಲ. ನಾವು ವಿಮಾನ ಹತ್ತಿ ಊರಿಗೆ ಹೋಗಬಹುದು. ಅಲ್ಲೇ ಹುಟ್ಟಿದ ಆರು ವರ್ಷದ ಮಗುವಿಗೆ ಹೋಗೋಕೆ ಯಾವ ಊರಿತ್ತು?

ಹಳೇಕಾಗದ · ಭಾನುವಾರ

ಹೋಲಿಕೆ ಬೇಡ, ನಂಟು ಇದೆ. 1922ರಲ್ಲಿ ಟಾಕಾವೋ ಒಜಾವಾ ಅನ್ನೋ ಜಪಾನಿ ಅಮೆರಿಕದ ಸುಪ್ರೀಂ ಕೋರ್ಟಿಗೆ ಹೋದರು. ಇಪ್ಪತ್ತು ವರ್ಷದಿಂದ ಇಲ್ಲಿದ್ದೇನೆ, ಇಲ್ಲೇ ಓದಿದೆ, ಮನೆಯಲ್ಲೂ ಇಂಗ್ಲಿಷ್, ನಾಗರಿಕತ್ವ ಕೊಡಿ ಅಂದರು. ನೀವು ಬಿಳಿಯರಲ್ಲ, ಕಾಕೇಸಿಯನ್ (ಆಗಿನ ಜನಾಂಗಶಾಸ್ತ್ರ ಯುರೋಪಿನವರ ಜೊತೆ ಉತ್ತರ ಭಾರತೀಯರನ್ನೂ ಸೇರಿಸಿದ್ದ ಗುಂಪು) ಅಲ್ಲ ಅಂತ ಕೋರ್ಟ್ ತಳ್ಳಿಹಾಕಿತು. ಮೂರೇ ತಿಂಗಳಿಗೆ ಪಂಜಾಬಿನ ಭಗತ್ ಸಿಂಗ್ ಥಿಂಡ್ ಕೇಸು ಬಂತು. ಅವರು, ಸರಿ, ನಾನು ಕಾಕೇಸಿಯನ್, ಕೊಡಿ ಅಂದರು. ಕಾಕೇಸಿಯನ್ ಆದರೇನಂತೆ, ಜನಸಾಮಾನ್ಯರ ಲೆಕ್ಕದಲ್ಲಿ ಬಿಳಿಯರಲ್ಲ ಅಂತ ಅದೇ ಕೋರ್ಟ್ ಹೇಳಿತು! ಆ ತೀರ್ಪು 1923ರ ಫೆಬ್ರವರಿ 19ಕ್ಕೆ. ರೂಸ್‌ವೆಲ್ಟ್ ಆದೇಶದ ತಾರೀಖೂ ಅದೇ, 19 ವರ್ಷ ಆದ ಮೇಲೆ. ಕಾಕತಾಳೀಯ ಅಷ್ಟೇ, ಆದರೂ ಮರೆಯೋಕಾಗಲ್ಲ. ಭಾರತೀಯರಿಗೆ ದಾರಿ ತೆರೆದಿದ್ದು 1946ರಲ್ಲಿ, ಜಪಾನಿಯರಿಗೆ 1952ರಲ್ಲಿ. ಅಲ್ಲಿಯವರೆಗೆ ಆ ಅಜ್ಜಿಯ ಅಪ್ಪ ಅಮ್ಮ ಎಷ್ಟು ವರ್ಷ ಇದ್ದರೂ ಪರದೇಶಿಗಳೇ. ನಾಗರಿಕತ್ವಕ್ಕೆ ಅರ್ಹರಲ್ಲದವರು ಜಮೀನು ಕೊಳ್ಳಬಾರದು, ಗುತ್ತಿಗೆಗೂ ಹಿಡಿಯಬಾರದು ಅಂತ ವಾಷಿಂಗ್ಟನ್ ರಾಜ್ಯ 1921ರಲ್ಲಿ ಕಾನೂನು ಮಾಡಿತ್ತು.

ಬೇವಿನಕಟ್ಟೆ · ಭಾನುವಾರ

ಜಮೀನಿನ ವಿಷಯ ಬಂತಲ್ಲ, ಅದನ್ನೇ ಹೇಳಬೇಕಿತ್ತು. ನಮ್ಮ ಬೆಲ್‌ವ್ಯೂ ಈಗ ಎತ್ತರದ ಗಾಜಿನ ಕಟ್ಟಡಗಳ ಊರು. ಕನ್ನಡ ಮಾತು ಕಿವಿಗೆ ಬೀಳದೆ ತರಕಾರಿ ತರೋಕಾಗಲ್ಲ. ಆದರೆ ಆಗ ಇದು ಕಡಿದ ದೇವದಾರು ಬೊಡ್ಡೆಗಳ ಬಯಲು. ಬೊಡ್ಡೆ ಕಿತ್ತು ಗದ್ದೆ ಮಾಡಿದವರು ಬಹುಪಾಲು ಜಪಾನಿಯರು. ಮಣ್ಣಿಗೆ ಸ್ಟ್ರಾಬೆರಿ ಒಗ್ಗಿತು. 1925ರಿಂದ ವರ್ಷವರ್ಷ ಸ್ಟ್ರಾಬೆರಿ ಹಬ್ಬ ನಡೀತಿತ್ತು. 1942ರಲ್ಲಿ ಬೆಳೆಯುವವರೇ ಇಲ್ಲ, ಹಬ್ಬವೂ ನಿಂತಿತು.

ಜಪಾನಿಯರ ವಿರುದ್ಧ ಈ ರಾಜ್ಯದಲ್ಲಿ ಸಂಘ ಕಟ್ಟಿ ಓಡಾಡಿದವರಲ್ಲಿ ಮುಂದಾಳು ಮಿಲ್ಲರ್ ಫ್ರೀಮನ್, ಪತ್ರಿಕೆಗಳ ಮಾಲೀಕ. ಅವರ ಮಗ 1946ರಲ್ಲಿ ಇಲ್ಲಿ ಬೆಲ್‌ವ್ಯೂ ಸ್ಕ್ವೇರ್ ಅಂಗಡಿ ಸಂಕೀರ್ಣ ತೆರೆದರು. ನಾವು ದೀಪಾವಳಿ ಬಟ್ಟೆ ಕೊಳ್ಳೋದು ಅಲ್ಲೇ. ಅಜ್ಜಿ ಅಲ್ಲಿಗೆ ಹೋಗ್ತಾರಾ ಅಂತ ಒಂದ್ಸಲ ಕೇಳಿದ್ದೆ. "ಪಾರ್ಕಿಂಗ್ ಸಿಗಲ್ಲ" ಅಂದರು. ಅಷ್ಟೇ.

1945ರಲ್ಲಿ ಅವರ ಮನೆಯವರು ವಾಪಸ್ ಬಂದಾಗ ಆ ರೈತ ಪೆಟ್ಟಿಗೆಯನ್ನು ಕೊಟ್ಟಿಗೆಯಿಂದ ತೆಗೆದು ಕೊಟ್ಟರಂತೆ. ಇಲಿ ಒಂದು ಮೂಲೆ ಕಡಿದಿತ್ತು, ಅಷ್ಟು ಬಿಟ್ಟರೆ ಸರಿ ಇತ್ತು. ಹೊಲ ಮಾತ್ರ ಬೇರೆಯವರ ಕೈಲಿತ್ತು. ಅಪ್ಪ ಊರವರ ತೋಟಗಳ ಮಾಲಿಯಾದರು. ಅಮ್ಮ ಹೊಲಿದರು. ಊರಿನ ಹೆಂಗಸರ ಗೌನು, ಪರದೆ, ಶಾಲೆ ಮಕ್ಕಳ ನಾಟಕದ ಬಟ್ಟೆ. ಗಿರಾಕಿ ಇಂಚಲ್ಲಿ ಹೇಳಿದ್ದನ್ನು ಚೀಟಿಯಲ್ಲಿ ಬರೆದುಕೊಂಡು, ಒಳಗೆ ಹೋಗಿ ಈ ಪಟ್ಟಿಗೆ ಬದಲಾಯಿಸಿ ಅಳೆಯುತ್ತಿದ್ದರಂತೆ.

ಎಡೋಗಾವಾದಿಂದ · ಭಾನುವಾರ

ಟೋಕಿಯೋದ ನಿಶಿ ಕಸಾಯಿಯಿಂದ ಬರೀತಿದ್ದೀನಿ (ನಮ್ಮವರು ಜಾಸ್ತಿ ಇರೋ ಏರಿಯಾ). ಇಲ್ಲಿ ಇದಕ್ಕೆ ಒಂದು ಮಾತೇ ಇದೆ, ಕತಾಮಿ. ತೀರಿಕೊಂಡವರ ನೆನಪಿಗೆ ಇಟ್ಟುಕೊಳ್ಳುವ ವಸ್ತು. ಸಾಮಾನ್ಯವಾಗಿ 49ನೇ ದಿನದ ಪೂಜೆ ಕಳೆದ ಮೇಲೆ ಹತ್ತಿರದವರಿಗೆ ಒಂದೊಂದು ಹಂಚುತ್ತಾರೆ. ಗಡಿಯಾರ, ಕಿಮೋನೊ, ಪೆನ್ನು, ಹೀಗೆ. ಬದುಕಿರುವಾಗಲೇ ಕೊಡೋದೂ ಉಂಟು. ಬೆಲೆ ಬಾಳೋದೇ ಆಗಬೇಕು ಅಂತಿಲ್ಲ. ನಮ್ಮ ಆಫೀಸಿನ ಹಿರಿಯರೊಬ್ಬರು ಅವರಪ್ಪನ ಶೂ ಹಾಕುವ ಚಮಚ ಇಟ್ಕೊಂಡಿದ್ದಾರೆ.

ಹಾಗಾಗಿ ನಿಮಗೆ ಕೊಡ್ತಿರೋದು ಬೇಡದ ಸಾಮಾನು ಅಂತ ಅಲ್ಲ. ಬೇಡ ಅನ್ನುವ ಮುಂಚೆ ಯೋಚಿಸಿ.

ಮಲ್ನಾಡ್_ಮಳೆ · ಭಾನುವಾರ

ಅಜ್ಜಿ ಅಲ್ಲೇ ಹುಟ್ಟಿದ ಅಮೆರಿಕನ್ ಅಲ್ವಾ? ಜಪಾನಿನ ರೂಢಿ ಅವರಿಗೂ ಇದೆಯಾ, ಅಥವಾ ಅವರನ್ನು ಜಪಾನಿ ಅಂತ ನಾವೇ ಕೂರಿಸ್ತಿದ್ದೀವಾ?

ಬೇವಿನಕಟ್ಟೆ · ಭಾನುವಾರ

ಒಳ್ಳೇ ಏಟು. ಶೀರ್ಷಿಕೆಯಲ್ಲಿ 'ಜಪಾನಿ ಅಜ್ಜಿ' ಅಂತ ಬರೆದಿದ್ದು ನನ್ನದೇ ತಪ್ಪು. ಅವರು ಜಪಾನಿಗೆ ಹೋಗಿರೋದೇ ಎರಡು ಸಲ, ಪ್ರವಾಸಕ್ಕೆ. ವಲಸೆ ಬಂದವರು ಅವರಮ್ಮ, ಇಸ್ಸೇಯಿ. ಇವರು ನಿಸೇಯಿ, ಎರಡನೇ ತಲೆಮಾರು. ಭಾಷೆಯೂ ಅಮ್ಮನ ಕಾಲದ್ದೇ ಉಳಿದಿದೆ. ಟೋಕಿಯೋ ಅಂಗಡಿಯಲ್ಲಿ ಮಾತಾಡಿದರೆ ಹುಡುಗಿ ನಕ್ಕಳಂತೆ, "ನಮ್ಮ ಮುತ್ತಜ್ಜಿ ಹೀಗೆ ಮಾತಾಡ್ತಿದ್ರು" ಅಂತ.

ಅಂದ ಹಾಗೆ ಒಂದು ನಗೆಚಟಾಕಿ. ಶಿಬಿರದ ಬಗ್ಗೆ ಕೇಳಿದಾಗಲೆಲ್ಲ ಅವರು ಎರಡು ಮಾತು ಹೇಳುತ್ತಾರೆ. ಒಂದು 'ಗಾಮನ್', ಹಲ್ಲು ಕಚ್ಚಿ ಸಹಿಸಿಕೊಳ್ಳೋದು. ಇನ್ನೊಂದು 'ಶಿಕತಾ ಗ ನಾಯಿ', ಏನೂ ಮಾಡೋಕಾಗಲ್ಲ ಅಂತ. ನನ್ನ ಮಗಳು ಮೊದಲ ಸಲ ಕೇಳಿ, "ಅಮ್ಮಾ, ಯಾವ ನಾಯಿ?" ಅಂದಳು. ಕನ್ನಡದಲ್ಲಿ ನಾಯಿ ಅಂದರೇನು ಅಂತ ವಿವರಿಸಿದೆ. ಅಜ್ಜಿ ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕರು. ಈಗ ಬಸ್ಸು ತಪ್ಪಿದರೂ ಇಬ್ಬರೂ "ಬೌ" ಅಂತಾರೆ.

ಕಾಪಿತೋಟ · ಸೋಮವಾರ

ಮೂಡಿಗೆರೆ ಕಡೆಯವನು, ಕೆಲಸದ ಮೇಲೆ ಸಾವ್ ಪಾಲೊದಲ್ಲಿ ಮೂರು ವರ್ಷ ಇದ್ದೆ. ಜಪಾನಿನ ಹೊರಗೆ ಜಪಾನಿ ಮೂಲದವರು ಅತಿ ಹೆಚ್ಚು ಇರೋದು ಬ್ರೆಜಿಲಿನಲ್ಲಿ. ಅವರನ್ನು ಅಲ್ಲಿಗೆ ಎಳೆದದ್ದು ನಮ್ಮ ಕಾಫಿ, ಅಂದರೆ ಅವರ ಕಾಫಿ! ಕಸಾತೊ ಮಾರು ಅನ್ನೋ ಹಡಗು 1908ರ ಏಪ್ರಿಲ್ 28ಕ್ಕೆ ಕೋಬೆ ಬಿಟ್ಟು ಜೂನ್ 18ಕ್ಕೆ ಸಾಂತೋಸ್ ಮುಟ್ಟಿತು. 781 ಜನ. ದುಡ್ಡು ಬಿಡುವ ಮರ ಅಂತ ಕಾಫಿ ಗಿಡದ ಬಗ್ಗೆ ಆಸೆ ಹುಟ್ಟಿಸಿ ಕರ್ಕೊಂಡು ಹೋಗಿದ್ದರು. ಇವರು ಇಳಿಯುವ ಹೊತ್ತಿಗೆ ಕೊಯ್ಲು ಅರ್ಧ ಆಗಿತ್ತು, ಫಸಲೂ ಕಮ್ಮಿ. ಕೊಯ್ದ ಲೆಕ್ಕಕ್ಕೆ ಕೂಲಿ, ದಿನಸಿ ಸಾಲ ತೋಟದ ಅಂಗಡಿಯಲ್ಲೇ. ರಾತ್ರೋರಾತ್ರಿ ಓಡಿಹೋದವರು ಬೇಕಾದಷ್ಟು. ನಮ್ಮ ತೋಟದ ಲೈನ್ ಮನೆಗಳನ್ನು ನೋಡಿ ಬೆಳೆದವನಿಗೆ ಇದೇನೂ ಹೊಸ ಕಥೆಯಲ್ಲ.

ಲಿಬರ್ದಾದೆ ಬಡಾವಣೆಯಲ್ಲಿ ಅವರ ವಲಸೆ ಮ್ಯೂಸಿಯಂ ಇದೆ. ನೀವು ಹೇಳಿದಂಥ ಹೆಣೆದ ಪೆಟ್ಟಿಗೆ ಅಲ್ಲಿ ನೋಡಿದ್ದೆ. ಗಾಜಿನ ಹಿಂದೆ ಇತ್ತು. ನಿಜ ಹೇಳಬೇಕೂಂದರೆ ಎರಡು ನಿಮಿಷ ನೋಡಿ ಮುಂದೆ ಹೋದೆ. ನಿಮ್ಮ ಬರಹ ಓದಿದ ಮೇಲೆ ಆ ಪೆಟ್ಟಿಗೆಯಲ್ಲಿ ಏನಿತ್ತೋ ಅಂತ ತಲೆಯಲ್ಲಿ ಓಡ್ತಾ ಇದೆ. ಜಗಲಿಯವರಿಗೆ ಇಷ್ಟೇ ನನ್ನ ಉತ್ತರ.

ಜಗಲಿ_ಮೇಲೆ · ಸೋಮವಾರ

ಮ್ಯೂಸಿಯಂ ಇಲ್ಲದಿದ್ದರೆ ಆ ಎರಡು ನಿಮಿಷವೂ ಇರ್ತಿರಲಿಲ್ಲ ಸ್ವಾಮಿ.

ಬಸವನಗುಡಿ_ಬೆಂಚು · ಸೋಮವಾರ

ಬೆಂಗಳೂರಿನವರಿಗೊಂದು ಪ್ರಶ್ನೆ. ಟಾಟಾ ಸಿಲ್ಕ್ ಫಾರ್ಮ್ ಅಂತ ಬಸ್ ಸ್ಟಾಪ್ ಹೆಸರು ಕೇಳಿದ್ದೀರಲ್ಲ? 1890ರ ದಶಕದ ಕೊನೆಯಲ್ಲಿ ಜಮ್ಶೆಡ್‌ಜಿ ಟಾಟಾ ಅಲ್ಲಿ ರೇಷ್ಮೆ ತೋಟ ಶುರು ಮಾಡಿದಾಗ ಜಪಾನಿನಿಂದ ತಜ್ಞರನ್ನು ಕರೆಸಿದ್ದರು. ಹುಳ ಸಾಕೋದು, ನೂಲು ತೆಗೆಯೋದು ಅವರ ಪದ್ಧತಿಯಲ್ಲಿ. ಈಗ ಹಿಪ್ಪುನೇರಳೆ ಇಲ್ಲ, ಹೆಸರು ಮಾತ್ರ ಇದೆ. ಅವರ ಪೆಟ್ಟಿಗೆಯಲ್ಲೂ ಇಂಥ ಪಟ್ಟಿ ಇದ್ದಿರಬಹುದಾ ಅಂತ ಸುಮ್ನೆ ಅನಿಸಿತು.

ಹಳೇಕಾಗದ · ಸೋಮವಾರ

ಅಮೆರಿಕದವರು ಹೀಗೆ ಮಾಡಿದರು ಅಂತ ನಾವು ಮೂಗು ಮುರಿಯುವ ಹಾಗಿಲ್ಲ. ಅದೇ ಯುದ್ಧದಲ್ಲಿ ಬ್ರಿಟಿಷರು ಸಿಂಗಪುರ, ಮಲಯಾ ಕಡೆಯ ಜಪಾನಿ ಅಂಗಡಿಯವರು, ಹೆಂಗಸರು, ಮಕ್ಕಳನ್ನು ಹಡಗಿನಲ್ಲಿ ತಂದು ದೆಹಲಿಯ ಪುರಾನಾ ಕಿಲಾದಲ್ಲಿ ಡೇರೆ ಹಾಕಿ ಕೂಡಿಹಾಕಿದ್ದರು. ಆಮೇಲೆ ರಾಜಸ್ಥಾನದ ದೇವಲಿಗೆ ಸಾಗಿಸಿದರು. ಅದು ಬ್ರಿಟಿಷರ ಕೆಲಸ ಅಂತೀರಾ? 1962ರಲ್ಲಿ ಚೀನಾ ಯುದ್ಧ ಆದಾಗ ಅಸ್ಸಾಂ, ಬಂಗಾಳ ಕಡೆಯಿಂದ ಚೀನೀ ಮೂಲದ ನಮ್ಮವರನ್ನೇ ಹಿಡಿದು ಅದೇ ದೇವಲಿಗೆ ಕಳಿಸಿದೆವು. ಸುಮಾರು 3,000 ಜನ. ಆಗ ಸರ್ಕಾರ ನಮ್ಮದೇ.

ಅಮೆರಿಕದವರು 1988ರಲ್ಲಿ ಕಾನೂನು ಮಾಡಿ ಕ್ಷಮೆ ಕೇಳಿದರು, ಬದುಕಿದ್ದವರಿಗೆ ತಲಾ 20,000 ಡಾಲರ್. ಸುಮಾರು 82,000 ಜನಕ್ಕೆ ಸಿಕ್ಕಿತು. ದೇವಲಿಯವರಿಗೆ ಒಂದು ಸಾಲಿನ ಕ್ಷಮೆಯೂ ಬಂದಿಲ್ಲ.

ಸಂಪಿಗೆಮರ · ಸೋಮವಾರ

ದೇವಲಿ ವಿಷಯ ಗೊತ್ತೇ ಇರಲಿಲ್ಲ. ಬೇವಿನಕಟ್ಟೆಯವರೇ, ಅಜ್ಜಿಯ ಅಮ್ಮನಿಗೆ ಆ ದುಡ್ಡು ಸಿಕ್ತಾ?

ಬೇವಿನಕಟ್ಟೆ · ಸೋಮವಾರ

ಇಲ್ಲ. ಕಾನೂನಿಗೆ ಸಹಿ ಬೀಳುವ ದಿನ ಬದುಕಿರಬೇಕಿತ್ತು. ಅಮ್ಮ 1984ರಲ್ಲೇ ಹೋಗಿದ್ದರು. ಅಜ್ಜಿಗೆ ಸಿಕ್ಕಿತು. ಅಧ್ಯಕ್ಷರ ಸಹಿ ಇದ್ದ ಪತ್ರವೂ ಬಂತು. ಅದನ್ನು ಎಲ್ಲಿಟ್ಟಿದ್ದೀರಿ ಅಂದೆ. ಡ್ರಾಯರಿನಲ್ಲಿ, ಕರೆಂಟ್ ಬಿಲ್ಲಿನ ಜೊತೆ.

ಬೇವಿನಕಟ್ಟೆ · ಎರಡು ವಾರದ ನಂತರದ ಶನಿವಾರ

ಏನಾಯಿತು ಅಂತ ಕೇಳ್ತಿದ್ದೀರಲ್ಲ, ಹೇಳ್ತೀನಿ.

ಬುಧವಾರ ಹೋಗಿ ನಿಮ್ಮೆಲ್ಲರ ಮಾತುಗಳನ್ನು ಅನುವಾದಿಸಿ ಹೇಳಿದೆ. ಗಜಕಡ್ಡಿ ಗುಜರಿಗೆ ಹಾಕಿದವರಿಗೆ "ಪಾಪ" ಅಂದರು. ಕಾಫಿ ತೋಟದವರ ಮಾತಿಗೆ ತಲೆ ಆಡಿಸಿದರು. ಮ್ಯೂಸಿಯಂ ಅಂದಾಗ ಸುಮ್ಮನಾದರು. ಆಮೇಲೆ, ಪೆಟ್ಟಿಗೆ ಮತ್ತು ಕಿಮೋನೊ ಕೊಡ್ತೀನಿ, ಪತ್ರಗಳನ್ನು ಮೊದಲು ಮೊಮ್ಮಗನಿಗೆ ತೋರಿಸಬೇಕು ಅಂದರು. ಮೊಮ್ಮಗ ಪೋರ್ಟ್‌ಲೆಂಡಿನಲ್ಲಿದ್ದಾನೆ. ಫೋನು ಮಾಡಿದರೆ ಅವನು ಅದೇ ವಾರಾಂತ್ಯ ಕಾರು ಹತ್ತಿ ಬಂದ! ಆಸಕ್ತಿ ಇಲ್ಲ ಅಂತ ಇವರೇ ಅಂದುಕೊಂಡಿದ್ದರು, ಯಾರೂ ಕೇಳಿರಲಿಲ್ಲ. ಅವನಿಗೆ ಜಪಾನಿ ಓದೋಕೆ ಬರಲ್ಲ, ಆದರೂ ಒಂದೊಂದೇ ಪುಟ ಸ್ಕ್ಯಾನ್ ಮಾಡ್ತಾ ಕೂತ.

ಪೆಟ್ಟಿಗೆಯ ತಳದಲ್ಲಿ ಇನ್ನೊಂದು ವಸ್ತು ಸಿಕ್ಕಿತು. ಹತ್ತಿಯಲ್ಲಿ ಸುತ್ತಿದ ಬಟ್ಟೆಪಿನ್ನು. ಅಕ್ಕಿಕಾಳಿನಷ್ಟು ಸಣ್ಣ ಬಿಳಿ ಚಿಪ್ಪುಗಳಲ್ಲಿ ಮಾಡಿದ ಹೂಗೊಂಚಲು. ಟೂಲಿ ಲೇಕ್ ಒಣಗಿದ ಕೆರೆಯ ತಳ. ಮಣ್ಣು ಕೆದಕಿದರೆ ಚಿಪ್ಪು ಸಿಗುತ್ತಿತ್ತು. ಹೆಂಗಸರು ಜರಡಿ ಹಿಡಿದು, ತೊಳೆದು, ಗಾತ್ರದ ಪ್ರಕಾರ ವಿಂಗಡಿಸಿ, ಉಗುರುಬಣ್ಣ ಹಚ್ಚಿ ಒಡವೆ ಮಾಡುತ್ತಿದ್ದರು. ಒಂದು ದಳ ಉದುರಿತ್ತು. ಮೊಮ್ಮಗ ಅದನ್ನು ಹತ್ತಿಯಲ್ಲಿ ಹುಡುಕಿ ಹುಡುಕಿ ತೆಗೆದ.

ಪಟ್ಟಿ? ಅವನಿಗೂ ಬೇಕೇನೋ ಅಂತ ನಾನೇ ಕೇಳಿದೆ. ಅವನು ಅಜ್ಜಿಯ ಮುಖ ನೋಡಿದ. ಅಜ್ಜಿ ನನ್ನ ಮಗಳ ಕೈಗೆ ಒಂದು ಹಳೇ ಹಾಸಿಗೆ ಬಟ್ಟೆ ಕೊಟ್ಟು, ದಿಂಬಿನ ಚೀಲ ಹೊಲಿ ಅಂದರು. ಇಂಚು ಟೇಪು ಮುಟ್ಟುವ ಹಾಗಿಲ್ಲ, ಪಟ್ಟಿಯಲ್ಲೇ ಅಳೀಬೇಕು. ಹುಡುಗಿ ಅಳೆದಳು, ಹೊಲಿದಳು. ಅಜ್ಜಿ ಕನ್ನಡಕ ಏರಿಸಿ ನೋಡಿ ಪೂರ್ತಿ ಬಿಚ್ಚಿದರು. ಎರಡನೇ ಸಲವೂ ಬಿಚ್ಚಿದರು. ನನ್ನ ಮಗಳಿಗೆ ಕಣ್ಣಲ್ಲಿ ನೀರು, ನನಗೆ ಒಳಗೊಳಗೇ ಸಿಟ್ಟು. ಮೂರನೇ ಸಲ ಹೊಲಿಗೆ ಮೇಲೆ ಹೆಬ್ಬೆರಳು ಓಡಿಸಿ "ಹೂಂ" ಅಂದರು.

ಪಟ್ಟಿ ಕೊಡಲಿಲ್ಲ! "ಮುಂದಿನ ಶನಿವಾರ ಬಾ" ಅಂದರು. ಅವರ ಹೊಸ ಅಪಾರ್ಟ್‌ಮೆಂಟ್ ಹತ್ತು ನಿಮಿಷದ ದಾರಿ. ಈಗಷ್ಟೇ ಬಿಟ್ಟು ಬಂದೆ. ಲಂಗದ ಬಟ್ಟೆ ತಗೊಂಡು ಹೋಗಿದ್ದಾಳೆ.

ಟೈಲರ್ಮಗ · ಶನಿವಾರ

ಲಂಗಕ್ಕೆ ನೆರಿಗೆ ಹಿಡಿಯೋದಾದರೆ ಬಟ್ಟೆ ಸೊಂಟದ ಸುತ್ತಳತೆಯ ಮೂರು ಪಟ್ಟು ಇರಲಿ ಅಂತ ಹೇಳಿ. ಅಂಚಿಗೆ ಒಳಗಡೆ ಮಡಿಕೆ ಜಾಸ್ತಿ ಬಿಟ್ಟಿರಲಿ, ವರ್ಷಕ್ಕೊಂದು ಸಲ ಬಿಚ್ಚಿ ಇಳಿಸಬಹುದು. ಕುಜಿರಾ ಲೆಕ್ಕದಲ್ಲಿ ಎಷ್ಟು ಬಂತು ಅಂತ ಆಮೇಲೆ ಇಲ್ಲಿ ಹಾಕಿ, ಗಿರೆಗೆ ಬದಲಾಯಿಸಿ ನೋಡ್ತೀನಿ.